ಹಳ್ಳದ ಹೂಳಿನೊಂದಿಗೆ ಹರಿದುಬರುವ ವಿಷ: ಕಲುಷಿತ ಭೂಮಿಯಿಂದ ಕೆರೆ ಮತ್ತು ಗದ್ದೆಗಳವರೆಗೆ

ಬೇಸಿಗೆಯಲ್ಲಿ ಕೆರೆಗಳು ಬತ್ತಿದೊಡನೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹೂಳೆತ್ತುವ ಕಾರ್ಯ ಆರಂಭವಾಗುತ್ತದೆ. ಟ್ರ್ಯಾಕ್ಟರ್‌ಗಳು ಕೆರೆಯಂಗಳಕ್ಕೆ ಇಳಿದು, ನುಣ್ಣನೆಯ ಕಪ್ಪು ಗೋಡನ್ನು ತುಂಬಿಕೊಂಡು ಹೊಲಗಳತ್ತ ಸಾಗುತ್ತವೆ. ಕೆರೆಗೋಡು ಹೊಡೆದ ಹೊಲವು ಹೆಚ್ಚು ತೇವಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೋಷಕಾಂಶಗಳನ್ನು ಕಾಪಾಡುತ್ತದೆ ಎಂಬುದು ನಮ್ಮ ಹಿರಿಯರ ಅನುಭವ. ಮಣ್ಣು ವಿಜ್ಞಾನವೂ ಇದನ್ನು ಸಮರ್ಥಿಸುತ್ತದೆ. ವಿಶ್ವವಿದ್ಯಾಲಯಗಳು ಮರಳು ಮಿಶ್ರಿತ ಕೆಂಪು ಭೂಮಿಗೆ ಕೆರೆ ಹೂಳನ್ನು ಶಿಫಾರಸು ಮಾಡುತ್ತಲೇ ಬಂದಿವೆ. ಆ ಶಿಫಾರಸನ್ನು ಹಿಂದಕ್ಕೆ ಪಡೆಯುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಹೂಳು ತುಂಬುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು: ಈ ಮಣ್ಣು ಎಲ್ಲಿಂದ ಬಂದದ್ದು? ಕೆರೆಯ ಹೂಳು ಕೆರೆಯಲ್ಲಿ ಹುಟ್ಟಿದ್ದಲ್ಲ. ಅದು ಮೇಲ್ಭಾಗದ ಜಲಾನಯನದಿಂದ ಹಳ್ಳಗಳು ಹೊತ್ತು ತಂದ ಮೇಲ್ಮಣ್ಣು. ಮೇಲ್ಭಾಗದಲ್ಲಿರುವುದು ಹೊಲ, ಗೋಮಾಳ, ಕಾಡುಗಳಾದರೆ ಹೂಳು ವರದಾನ. ಅಲ್ಲಿ ಹಳೆಯ ಗಣಿಯ ತ್ಯಾಜ್ಯದ ದಿಬ್ಬ, ಕೈಗಾರಿಕಾ ತ್ಯಾಜ್ಯ ಸುರಿದ ಜಾಗ ಅಥವಾ ನಗರದ ಕೊಳಚೆ ಹರಿಯುವ ಕಾಲುವೆ ಇದ್ದರೆ, ಅಲ್ಲಿನ ವಿಷವೂ ಅದೇ ಹೂಳಿನೊಂದಿಗೆ ಕೆಳಗಿಳಿದಿರುತ್ತದೆ.

ಕ್ಷೇತ್ರ ಭೇಟಿಗಳಲ್ಲಿ ರೈತರು ನನಗೆ ಹೇಳುವ ಮಾತೊಂದಿದೆ: "ನೀರು ತಿಳಿಯಾಗಿದೆಯಲ್ಲ ಸಾರ್, ಇನ್ನೇನು ತೊಂದರೆ?" ಈ ಮಾತಿಗೆ ಉತ್ತರ ಕೊಡಬೇಕಾದರೆ, ಕಲುಷಿತ ಭೂಮಿಯ ವಿಷವು ಹಳ್ಳದಲ್ಲಿ ಹೇಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ವಿಷವು ನೀರಿಗಿಂತ ಮಣ್ಣನ್ನು ಆಶ್ರಯಿಸುವುದೇಕೆ?

ಸೀಸ, ಕ್ಯಾಡ್ಮಿಯಂ, ಸತು, ತಾಮ್ರ ಮುಂತಾದ ಭಾರಲೋಹಗಳು ಸಾಮಾನ್ಯ ರಸಸಾರದ ನೀರಿನಲ್ಲಿ ಹೆಚ್ಚಾಗಿ ಕರಗಿರುವುದಿಲ್ಲ. ಅವುಗಳ ಬಹುಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ. ಜೇಡಿ ಕಣಗಳ ಮೇಲ್ಮೈ ಋಣ ವಿದ್ಯುದಂಶವನ್ನು ಹೊಂದಿದ್ದು, ಧನ ವಿದ್ಯುದಂಶವುಳ್ಳ ಲೋಹದ ಅಯಾನುಗಳನ್ನು ಸೆಳೆದುಕೊಳ್ಳುತ್ತದೆ. ಕಣಗಳ ಮೇಲೆ ಲೇಪನದಂತೆ ಇರುವ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡ್‌ಗಳು ಹಾಗೂ ಸಾವಯವ ಪದಾರ್ಥವು ಈ ಹಿಡಿತವನ್ನು ಇನ್ನಷ್ಟು ಬಲಪಡಿಸುತ್ತವೆ. ನಾವು ಹಾಕಿದ ಪೊಟ್ಯಾಷ್ ಗೊಬ್ಬರವನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದೂ ಇಂಥದೇ ಗುಣದಿಂದ. ಪೋಷಕಾಂಶವನ್ನು ಕಾಯುವ ಗುಣವೇ ವಿಷವನ್ನೂ ಕಾಯುತ್ತದೆ.

ಇಲ್ಲಿ ಕಣದ ಗಾತ್ರ ಬಹಳ ಮುಖ್ಯ. 2 ಮಿ.ಮೀ.ನಿಂದ 0.02 ಮಿ.ಮೀ.ವರೆಗಿನ ಕಣಗಳನ್ನು ಮರಳು, 0.02ರಿಂದ 0.002 ಮಿ.ಮೀ.ವರೆಗಿನವನ್ನು ರೇವೆ, ಅದಕ್ಕಿಂತ ಸಣ್ಣವನ್ನು ಜೇಡಿ ಎಂದು ವಿಂಗಡಿಸಲಾಗಿದೆ. ಒಂದು ಸೆಂ.ಮೀ. ಅಳತೆಯ ಘನಾಕಾರದ ಕಲ್ಲಿನ ಒಟ್ಟು ಮೇಲ್ಮೈ 6 ಚದರ ಸೆಂ.ಮೀ. ಅದೇ ಕಲ್ಲನ್ನು 0.002 ಮಿ.ಮೀ. ಗಾತ್ರದ ಘನಗಳಾಗಿ ಕತ್ತರಿಸಿದರೆ ಮೇಲ್ಮೈಯು 5,000 ಪಟ್ಟು ಹೆಚ್ಚಿ 3 ಚದರ ಮೀಟರ್ ಆಗುತ್ತದೆ. ಅಂಟಿಕೊಳ್ಳಲು ಜಾಗ ಹೆಚ್ಚಿದಂತೆ ಅಂಟುವ ವಿಷವೂ ಹೆಚ್ಚುತ್ತದೆ. ಆದುದರಿಂದ ಒಂದೇ ಹಳ್ಳದ ಮರಳಿಗಿಂತ ಅದರ ನುಣ್ಣನೆಯ ಕೆಸರಿನಲ್ಲಿ ಭಾರಲೋಹಗಳ ಪ್ರಮಾಣವು ಸಾಮಾನ್ಯವಾಗಿ ಅಧಿಕವಾಗಿರುತ್ತದೆ.

ತಿಳಿನೀರಿನ ಪರೀಕ್ಷಾ ವರದಿಯಲ್ಲಿ ದೋಷ ಕಾಣದಿದ್ದರೂ ತಳದ ಕೆಸರು ಕಲುಷಿತವಾಗಿರಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬೇಸಿಗೆಯ ತಿಳಿನೀರನ್ನು ಮಾತ್ರ ಪರೀಕ್ಷಿಸಿ "ಸುರಕ್ಷಿತ" ಎಂದು ತೀರ್ಮಾನಿಸುವುದು ಅಪೂರ್ಣ ಪರೀಕ್ಷೆಯಾಗುತ್ತದೆ.

ಹಳ್ಳವು ಹೂಳನ್ನು ಹೊರುವ ಬಗೆ

ಮಣ್ಣಿನ ಪ್ರಯಾಣವು ಮಳೆಹನಿಯಿಂದ ಆರಂಭವಾಗುತ್ತದೆ. ಬರಿ ನೆಲದ ಮೇಲೆ ರಭಸದಿಂದ ಬೀಳುವ ಹನಿಯು ಮಣ್ಣಿನ ಹರಳುಗಳನ್ನು ಒಡೆದು ಕಣಗಳನ್ನು ಬಿಡಿಸುತ್ತದೆ. ಇಳಿಜಾರಿನಲ್ಲಿ ತೆಳುವಾಗಿ ಹರಿಯುವ ನೀರು ಆ ಕಣಗಳನ್ನು ಕೊಂಡೊಯ್ಯುತ್ತದೆ. ತೆಳು ಹರಿವು ಕೂಡಿ ಸಣ್ಣ ಗೀರುಗಳಾಗಿ, ಗೀರುಗಳು ಕೊರಕಲುಗಳಾಗಿ, ಕೊರಕಲುಗಳು ಹಳ್ಳವನ್ನು ಸೇರುತ್ತವೆ. ಗಣಿ ತ್ಯಾಜ್ಯದ ದಿಬ್ಬಗಳಲ್ಲಿ ಈ ಕೊರೆತ ಅತಿ ತೀವ್ರ. ಅಲ್ಲಿ ಹುಲ್ಲಿನ ಹೊದಿಕೆಯಾಗಲಿ, ಕಣಗಳನ್ನು ಬಂಧಿಸುವ ಸಾವಯವ ಪದಾರ್ಥವಾಗಲಿ ಇರುವುದಿಲ್ಲ. ಇಳಿಜಾರು ಕಡಿದಾಗಿರುತ್ತದೆ. ಅದಿರನ್ನು ಅರೆದು ಪುಡಿ ಮಾಡಿರುವುದರಿಂದ ಕಣಗಳೂ ನುಣ್ಣಗಿರುತ್ತವೆ.

ಹಳ್ಳ ಸೇರಿದ ಮಣ್ಣು ಎರಡು ವಿಧದಲ್ಲಿ ಸಾಗುತ್ತದೆ. ಮರಳು ಮತ್ತು ಗರಸು ತಳದಲ್ಲಿ ಉರುಳುತ್ತ, ಕುಪ್ಪಳಿಸುತ್ತ ಮುಂದೆ ಹೋಗುತ್ತವೆ. ರೇವೆ ಮತ್ತು ಜೇಡಿ ನೀರಿನಲ್ಲಿ ತೇಲಿಕೊಂಡು ಸಾಗುತ್ತವೆ. ಹಳ್ಳದ ನೀರಿಗೆ ಕೆಂಪು ಅಥವಾ ಬೂದು ಬಣ್ಣ ಬರುವುದು ಈ ತೇಲುವ ಕಣಗಳಿಂದಲೇ. ವಿಷದ ಹೆಚ್ಚಿನ ಭಾಗವನ್ನು ಹೊರುವುದೂ ಇವೇ.

ವರ್ಷವಿಡೀ ಹೂಳು ಒಂದೇ ಸಮನೆ ಸಾಗುವುದಿಲ್ಲ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು ಸುಮಾರು 64 ಪಟ್ಟು ಹೆಚ್ಚುತ್ತದೆ ಎಂಬುದು ಜಲವಿಜ್ಞಾನದ ಹಳೆಯ ನಿಯಮ. ವರ್ಷದ ಒಟ್ಟು ಹೂಳಿನ ದೊಡ್ಡ ಪಾಲು ಮುಂಗಾರಿನ ಕೆಲವೇ ದೊಡ್ಡ ಮಳೆಗಳಲ್ಲಿ ಕೆಳಗಿಳಿಯುತ್ತದೆ. ಅದರಲ್ಲಿಯೂ ಹರಿವು ಏರುತ್ತಿರುವಾಗ ನೀರಿನಲ್ಲಿರುವ ಹೂಳು, ಹರಿವು ಇಳಿಯುವಾಗಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಬೇಸಿಗೆಯಲ್ಲಿ ಸಡಿಲಗೊಂಡು ಬಿದ್ದಿದ್ದ ಪುಡಿಯೆಲ್ಲ ಮೊದಲ ಹೊಸ ನೀರಿನೊಂದಿಗೆ ಹೊರಡುವುದೇ ಇದಕ್ಕೆ ಕಾರಣ.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಹಳ್ಳವು ಹೂಳನ್ನು ಒಂದೇ ಓಟದಲ್ಲಿ ತಲುಪಿಸುವುದಿಲ್ಲ. ತಿರುವಿನ ಒಳಮಗ್ಗುಲಲ್ಲಿ, ದಡದ ತಗ್ಗಿನಲ್ಲಿ, ಪೊದೆಗಳ ಬುಡದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿ ಮುಂದೆ ಸಾಗುತ್ತದೆ. ಮತ್ತೊಂದು ವರ್ಷದ ದೊಡ್ಡ ಪ್ರವಾಹವು ದಡವನ್ನು ಕೊರೆದಾಗ ಹಳೆಯ ಹೂಳು ಮತ್ತೆ ಹೊರಡುತ್ತದೆ. ಆದ್ದರಿಂದ ಗಣಿಯೋ ಕಾರ್ಖಾನೆಯೋ ಮುಚ್ಚಿ ದಶಕಗಳು ಕಳೆದರೂ ಅದರ ವಿಷ ಹಳ್ಳದಲ್ಲಿ ಸಾಗುತ್ತಲೇ ಇರಬಹುದು. ಹಳ್ಳದ ಮರಳು ತೆಗೆಯಲು ಯಂತ್ರಗಳಿಂದ ತಳವನ್ನು ಕೆದಕಿದರೂ ಇದೇ ಪರಿಣಾಮ ಉಂಟಾಗುತ್ತದೆ.

ಹೂಳು ಎಲ್ಲಿ ನಿಲ್ಲುತ್ತದೆ?

ನೀರಿನ ವೇಗ ತಗ್ಗಿದಲ್ಲಿ ಹೂಳು ಇಳಿಯುತ್ತದೆ. ನಿಂತ ನೀರಿನಲ್ಲಿ 0.02 ಮಿ.ಮೀ. ಗಾತ್ರದ ಕಣವು 10 ಸೆಂ.ಮೀ. ಕೆಳಗಿಳಿಯಲು ಸುಮಾರು 5 ನಿಮಿಷ ಸಾಕು. 0.002 ಮಿ.ಮೀ. ಗಾತ್ರದ ಜೇಡಿ ಕಣಕ್ಕೆ ಅಷ್ಟೇ ದೂರಕ್ಕೆ ಸುಮಾರು 8 ಗಂಟೆ ಬೇಕು. ಒಂದು ಮೀಟರ್ ಆಳ ಇಳಿಯಲು ಅದು ಮೂರು ದಿನಗಳಿಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ.

ಹೀಗಾಗಿ ಕೆರೆಯೊಂದು ತನ್ನೊಳಗೆ ಬಂದ ಮಣ್ಣನ್ನು ತಾನೇ ಜರಡಿ ಹಿಡಿಯುತ್ತದೆ. ಹಳ್ಳವು ಕೆರೆಯನ್ನು ಸೇರುವ ಬಾಯಲ್ಲಿ ಮರಳು ಬೀಳುತ್ತದೆ. ನಡುವಿನಲ್ಲಿ ರೇವೆ ಇಳಿಯುತ್ತದೆ. ಏರಿಯ ಬುಡದಲ್ಲಿ, ತೂಬಿನ ಸುತ್ತ, ನೀರು ಬಹುಕಾಲ ನಿಲ್ಲುವಲ್ಲಿ ನುಣ್ಣನೆಯ ಜೇಡಿ ಸೇರುತ್ತದೆ. ರೈತರು ಹೊಲಕ್ಕೆ ಅತ್ಯುತ್ತಮವೆಂದು ಹುಡುಕಿ ತುಂಬಿಕೊಳ್ಳುವುದು ಇದೇ ಮಣ್ಣನ್ನು. ಕಲುಷಿತ ಜಲಾನಯನದ ಕೆರೆಯಾದರೆ ಅತಿ ಹೆಚ್ಚು ವಿಷ ಇರುವ ಸಾಧ್ಯತೆಯೂ ಇಲ್ಲಿಯೇ.

ಗದ್ದೆಯಲ್ಲಿಯೂ ಇದೇ ಕ್ರಮ ನಡೆಯುತ್ತದೆ. ಕಾಲುವೆಯ ನೀರು ಮಡಿಯನ್ನು ಹೊಕ್ಕೊಡನೆ ಅದರ ವೇಗ ಕುಗ್ಗುತ್ತದೆ. ನೀರು ಒಳಬರುವ ಬಾಯಿಯ ಸುತ್ತ ಹೂಳು ಮೊದಲು ಇಳಿಯುತ್ತದೆ. ವರ್ಷಗಳು ಕಳೆದಂತೆ ಆ ಮೂಲೆಯಲ್ಲಿ ಲೋಹಗಳು ಶೇಖರಗೊಳ್ಳುತ್ತವೆ. ಜಪಾನಿನ ಭತ್ತದ ರೈತರು ಈ ಸತ್ಯವನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತರು.

ಜಿಂಜು ನದಿಯ ಗದ್ದೆಗಳು ಕಲಿಸಿದ ಪಾಠ

ಜಪಾನಿನ ಗಿಫು ಪ್ರಾಂತದ ಪರ್ವತಗಳಲ್ಲಿ ಕಮಿಯೋಕ ಎಂಬ ಸತು–ಸೀಸದ ಗಣಿ ಇತ್ತು. ಸತುವಿನ ಅದಿರಿನೊಂದಿಗೆ ಕ್ಯಾಡ್ಮಿಯಂ ಬೆರೆತಿರುವುದು ಸಾಮಾನ್ಯ. ಅದಿರನ್ನು ನುಣ್ಣಗೆ ಅರೆದು ಲೋಹವನ್ನು ಬೇರ್ಪಡಿಸಿದ ನಂತರ ಉಳಿದ ತ್ಯಾಜ್ಯವು ಬಹುಕಾಲ ನದಿಯನ್ನು ಸೇರುತ್ತಿತ್ತು. ಆ ಹೂಳು ತಕಹರ ಎಂಬ ಉಪನದಿಯ ಮೂಲಕ ಜಿಂಜು ನದಿಗೆ ಇಳಿದು, ಹತ್ತಾರು ಕಿಲೋಮೀಟರ್ ಕೆಳಗಿನ ತೊಯಾಮ ಬಯಲಿನ ಗದ್ದೆಗಳಿಗೆ ನೀರಾವರಿ ಕಾಲುವೆಗಳಲ್ಲಿ ಹರಿಯಿತು. ಕ್ಯಾಡ್ಮಿಯಂ ಪ್ರಮಾಣವು ಗದ್ದೆಯ ಮೇಲ್ಮಣ್ಣಿನಲ್ಲಿ, ಅದರಲ್ಲಿಯೂ ನೀರಿನ ಬಾಯಿಯ ಬಳಿ ಅಧಿಕವಾಗಿತ್ತು.

ಆ ಗದ್ದೆಗಳ ಅಕ್ಕಿಯನ್ನು ಉಂಡು, ಆ ನದಿಯ ನೀರನ್ನು ಕುಡಿದ ಜನರಲ್ಲಿ, ವಿಶೇಷವಾಗಿ ಹಲವು ಹೆರಿಗೆಗಳನ್ನು ಕಂಡ ನಡುವಯಸ್ಸು ಮೀರಿದ ಮಹಿಳೆಯರಲ್ಲಿ, ಮೂತ್ರಪಿಂಡಗಳು ಹಾನಿಗೊಂಡವು. ಮೂಳೆಗಳು ಮೆದುವಾಗಿ ಮುರಿಯತೊಡಗಿದವು. ನೋವಿನಿಂದ ನರಳುವ ಉದ್ಗಾರವೇ ಆ ಕಾಯಿಲೆಯ ಹೆಸರಾಯಿತು: ಇಟಾಯಿ–ಇಟಾಯಿ. ಸ್ಥಳೀಯ ವೈದ್ಯರಾದ ನೊಬೊರು ಹಗಿನೊ ಅವರು ಗಣಿಯ ತ್ಯಾಜ್ಯಕ್ಕೂ ಈ ಕಾಯಿಲೆಗೂ ಇರುವ ಸಂಬಂಧವನ್ನು ಎತ್ತಿಹಿಡಿದರು. 1968ರಲ್ಲಿ ಜಪಾನ್ ಸರ್ಕಾರವು ಇದನ್ನು ಮಾಲಿನ್ಯದಿಂದ ಬಂದ ಕಾಯಿಲೆಯೆಂದು ಅಧಿಕೃತವಾಗಿ ಒಪ್ಪಿಕೊಂಡಿತು. ಸಂತ್ರಸ್ತರು ಹೂಡಿದ ದಾವೆಯಲ್ಲಿ 1971ರಲ್ಲಿ ಹಾಗೂ 1972ರ ಮೇಲ್ಮನವಿಯಲ್ಲಿ ಅವರಿಗೆ ಜಯ ದೊರೆಯಿತು.

ಗದ್ದೆಗಳ ಪುನಶ್ಚೇತನಕ್ಕೆ ಹಿಡಿದ ಕಾಲವನ್ನು ನೋಡಿ. ಕಲುಷಿತ ಮೇಲ್ಮಣ್ಣನ್ನು ಆಳದಲ್ಲಿ ಹೂತು, ಅದರ ಮೇಲೆ ಗಟ್ಟಿ ಪದರವನ್ನು ಹಾಸಿ, ಬೇರೆಡೆಯಿಂದ ತಂದ ಶುದ್ಧ ಮಣ್ಣನ್ನು ಹರಡುವ ಕಾರ್ಯವು ಸುಮಾರು 860 ಹೆಕ್ಟೇರ್‌ಗಳಲ್ಲಿ ನಡೆದು 2012ರಲ್ಲಿ ಮುಗಿಯಿತು. ಮೂರು ದಶಕಗಳಿಗೂ ಮಿಕ್ಕಿದ ಕಾಲ ಮತ್ತು ಸುಮಾರು 4,000 ಕೋಟಿ ಯೆನ್ ವೆಚ್ಚ ಅದಕ್ಕೆ ತಗುಲಿತು.

ಇನ್ನೊಂದು ಸಂಗತಿಯೂ ಸ್ಮರಣೀಯ. 1972ರ ಒಪ್ಪಂದದ ಪ್ರಕಾರ, ಕೆಳಭಾಗದ ನಿವಾಸಿಗಳು ತಜ್ಞರೊಡಗೂಡಿ ಗಣಿ ಪ್ರದೇಶಕ್ಕೆ ಹೋಗಿ ತಪಾಸಣೆ ಮಾಡುವ ಹಕ್ಕನ್ನು ಪಡೆದರು. ಆ ವಾರ್ಷಿಕ ತಪಾಸಣೆ ದಶಕಗಳ ಕಾಲ ನಡೆದುಬಂದಿದೆ. ಹಳ್ಳದ ಕೆಳಗಿರುವವರು ಹಳ್ಳದ ಮೇಲೆ ಕಣ್ಣಿಡುವುದಕ್ಕಿಂತ ಉತ್ತಮ ಕಾವಲು ಇನ್ನೊಂದಿಲ್ಲ.

ನಮ್ಮಲ್ಲಿ ಎಚ್ಚರ ವಹಿಸಬೇಕಾದ ಸನ್ನಿವೇಶಗಳು

ಕೋಲಾರದ ಚಿನ್ನದ ಗಣಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದು 2001ರಲ್ಲಿ ಮುಚ್ಚಿದವು. ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಬೂದುಬಣ್ಣದ ಪುಡಿ ಇಂದಿಗೂ ದಿಬ್ಬಗಳಾಗಿ ನಿಂತಿದೆ. ಇದರ ಒಟ್ಟು ಮೊತ್ತ ಮೂರು ಕೋಟಿ ಟನ್‌ಗೂ ಅಧಿಕ. ಜನ ಇವನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಮಳೆ ಕೊರೆದ ಆಳವಾದ ಕೊರಕಲುಗಳು ಈ ದಿಬ್ಬಗಳ ಮೈಮೇಲೆ ಎದ್ದು ಕಾಣುತ್ತವೆ. ಸೈನೈಡ್ ಬಿಸಿಲು, ಗಾಳಿ ಮತ್ತು ಸೂಕ್ಷ್ಮಜೀವಿಗಳ ಪ್ರಭಾವದಿಂದ ಕಾಲಕ್ರಮೇಣ ಬಹುಮಟ್ಟಿಗೆ ವಿಘಟನೆಗೊಳ್ಳುವ ವಸ್ತು. ಆದರೆ ಭಾರಲೋಹಗಳು ಮತ್ತು ಚಿನ್ನದ ಅದಿರಿನೊಂದಿಗೆ ಸಾಮಾನ್ಯವಾಗಿ ಕಂಡುಬರುವ ಆರ್ಸೆನಿಕ್ ಹಾಗಲ್ಲ. ಅವು ಮೂಲಧಾತುಗಳಾದ್ದರಿಂದ ಕೊಳೆಯುವುದಿಲ್ಲ, ಒಡೆಯುವುದಿಲ್ಲ. ಸ್ಥಳ ಬದಲಾಯಿಸುತ್ತವೆ ಅಷ್ಟೆ. ಇಂಥ ದಿಬ್ಬಗಳ ಕೆಳಭಾಗದ ಕೆರೆಕುಂಟೆಗಳ ಹೂಳನ್ನು ಪರೀಕ್ಷೆಯಿಲ್ಲದೆ ಬಳಸಬಾರದು.

ಎರಡನೆಯ ಸನ್ನಿವೇಶ ನಗರದ ಕೆಳಭಾಗದ ಕೆರೆಗಳದ್ದು. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯವನ್ನು ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಯತ್ತ ಹರಿದುದು ಎಲ್ಲರಿಗೂ ತಿಳಿದ ವಿಷಯ. ಇಲ್ಲಿ ಸಾವಯವ ಪದಾರ್ಥ ಅಧಿಕವಾಗಿರುವುದರಿಂದ ಹೂಳು ಕಪ್ಪಾಗಿ, ಫಲವತ್ತಾಗಿ ಕಾಣುತ್ತದೆ. ಬೆಳೆಯೂ ಹುಲುಸಾಗಿ ಬರುತ್ತದೆ. ಹುಲುಸು ಬೆಳೆಯು ಸುರಕ್ಷತೆಯ ಪ್ರಮಾಣಪತ್ರವಲ್ಲ.

ಇವಲ್ಲದೆ ಬಣ್ಣ ಹಾಕುವ ಘಟಕ, ಲೋಹಲೇಪನ ಘಟಕ, ಚರ್ಮ ಹದಗೊಳಿಸುವ ಘಟಕ, ಹಳೆಯ ಬ್ಯಾಟರಿ ಒಡೆಯುವ ಜಾಗ, ಕಸ ಸುರಿಯುವ ಗುಂಡಿ ಇವುಗಳ ಕೆಳಗೆ ಹರಿಯುವ ಹಳ್ಳಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ.

ಹೊಲ ಸೇರಿದ ಮೇಲೆ ಲೋಹಗಳ ವರ್ತನೆ

ಕೆರೆಯ ತಳದಲ್ಲಿ ಗಾಳಿಯಾಡದ ಕಾರಣ ಕ್ಯಾಡ್ಮಿಯಂ, ಸೀಸ, ಸತು ಮುಂತಾದವು ಗಂಧಕದೊಂದಿಗೆ ಸೇರಿ ಕರಗದ ಸಲ್ಫೈಡ್ ರೂಪದಲ್ಲಿರುತ್ತವೆ. ಆ ಹೂಳನ್ನು ತೆಗೆದು ಬಿಸಿಲಿಗೆ ಹರಡಿದಾಗ ಗಾಳಿ ಸೇರಿ ಸಲ್ಫೈಡ್‌ಗಳು ಉತ್ಕರ್ಷಣಗೊಳ್ಳುತ್ತವೆ, ಲೋಹಗಳು ಬೇರಿಗೆ ದೊರೆಯುವ ರೂಪಕ್ಕೆ ಬರುತ್ತವೆ. ಕೆರೆಯಲ್ಲಿ ಸುಮ್ಮನಿದ್ದ ಲೋಹವು ಹೊಲದಲ್ಲಿ ಚುರುಕಾಗುವುದು ಹೀಗೆ.

ಮಣ್ಣಿನ ರಸಸಾರವೂ ನಿರ್ಣಾಯಕ. ಆಮ್ಲೀಯ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಬೆಳೆಯನ್ನು ಸೇರುತ್ತದೆ. ಮಲೆನಾಡು ಮತ್ತು ಕರಾವಳಿಯ ಆಮ್ಲೀಯ ಮಣ್ಣುಗಳಲ್ಲಿ ಈ ಅಪಾಯ ಅಧಿಕ. ಸುಣ್ಣಾಂಶವುಳ್ಳ ಕಪ್ಪು ಮಣ್ಣುಗಳಲ್ಲಿ ಕಡಿಮೆ. ಆರ್ಸೆನಿಕ್ ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ನೀರು ನಿಂತ ಗದ್ದೆಯಲ್ಲಿ ಕಬ್ಬಿಣದ ಆಕ್ಸೈಡ್‌ಗಳು ಕರಗಿ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಆದ್ದರಿಂದ ಯಾವ ಲೋಹ ಇದೆ ಎಂದು ತಿಳಿಯದೆ ಪರಿಹಾರ ಸೂಚಿಸುವುದು ಸರಿಯಲ್ಲ.

ಕ್ಯಾಡ್ಮಿಯಂ ಅಧಿಕವಿರುವ ಪೈರು ನೋಡಲು ಆರೋಗ್ಯವಾಗಿಯೇ ಇರಬಹುದು. ಎಲೆಯ ಮೇಲೆ ಚುಕ್ಕೆಯಾಗಲಿ, ಇಳುವರಿಯಲ್ಲಿ ಕುಸಿತವಾಗಲಿ ಕಾಣದೆಯೂ ಕಾಳಿನಲ್ಲಿ ಲೋಹವು ಮಿತಿ ಮೀರಿರಲು ಸಾಧ್ಯ. ಪಾಲಿಶ್ ಮಾಡಿದ ಅಕ್ಕಿಗೆ ಅಂತರರಾಷ್ಟ್ರೀಯ ಆಹಾರ ಮಾನಕವು ನಿಗದಿಪಡಿಸಿರುವ ಕ್ಯಾಡ್ಮಿಯಂ ಮಿತಿ ಪ್ರತಿ ಕಿಲೋಗ್ರಾಂಗೆ 0.4 ಮಿ.ಗ್ರಾಂ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಕಣ್ಣು, ಮೂಗು, ನಾಲಿಗೆ ಯಾವುದೂ ಗುರುತಿಸಲಾರದು.

ಒಂದು ಸರಳ ಲೆಕ್ಕ

ನಗರ ಕಾಂಪೋಸ್ಟ್‌ಗೆ ರಸಗೊಬ್ಬರ ನಿಯಂತ್ರಣ ಆದೇಶವು ಭಾರಲೋಹಗಳ ಗರಿಷ್ಠ ಮಿತಿಯನ್ನು ನಿಗದಿಪಡಿಸಿದೆ. ಪ್ರತಿ ಕಿಲೋಗ್ರಾಂಗೆ ಕ್ಯಾಡ್ಮಿಯಂ 5 ಮಿ.ಗ್ರಾಂ, ಆರ್ಸೆನಿಕ್ 10 ಮಿ.ಗ್ರಾಂ, ಸೀಸ 100 ಮಿ.ಗ್ರಾಂ ಮೀರಬಾರದು. ಆದರೆ ಇದೇ ಮಿತಿಯನ್ನು ಹೂಳಿಗೆ ನೇರವಾಗಿ ಅನ್ವಯಿಸುವುದು ತಪ್ಪಾಗುತ್ತದೆ.

ಕಾರಣ ಹೀಗಿದೆ. ಎಕರೆಗೆ 2 ಟನ್ ಕಾಂಪೋಸ್ಟ್ ಹಾಕಿದರೆ, ಅದರಲ್ಲಿ ಕಿಲೋಗೆ 5 ಮಿ.ಗ್ರಾಂ ಕ್ಯಾಡ್ಮಿಯಂ ಇದ್ದಲ್ಲಿ ಎಕರೆಗೆ ಸೇರುವುದು 10 ಗ್ರಾಂ. ಕೆರೆ ಹೂಳನ್ನು ನಾವು ಎಕರೆಗೆ 40 ಟನ್‌ನಷ್ಟು ಹೊಡೆಯುತ್ತೇವೆ. ಅದೇ ಪ್ರಮಾಣದ ಕ್ಯಾಡ್ಮಿಯಂ ಇದ್ದರೆ ಎಕರೆಗೆ ಸೇರುವುದು 200 ಗ್ರಾಂ, ಅಂದರೆ 20 ಪಟ್ಟು. ಒಂದು ಎಕರೆಯ 15 ಸೆಂ.ಮೀ. ಆಳದ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋಗ್ರಾಂ. ಇದರಲ್ಲಿ 200 ಗ್ರಾಂ ಬೆರೆತರೆ ಕಿಲೋಗೆ ಸುಮಾರು 0.22 ಮಿ.ಗ್ರಾಂ ಏರಿಕೆಯಾಗುತ್ತದೆ. ಮಾಲಿನ್ಯವಿಲ್ಲದ ಮಣ್ಣಿನಲ್ಲಿ ಕ್ಯಾಡ್ಮಿಯಂ ಸಾಮಾನ್ಯವಾಗಿ ಕಿಲೋಗೆ 1 ಮಿ.ಗ್ರಾಂಗಿಂತ ಕಡಿಮೆ, ಬಹಳಷ್ಟು ಕಡೆ ಅದರ ಅರ್ಧಕ್ಕಿಂತಲೂ ಕಡಿಮೆ ಇರುತ್ತದೆ. ಆದ್ದರಿಂದ ಒಂದೇ ಬೇಸಿಗೆಯಲ್ಲಿ ಆಗುವ ಈ ಏರಿಕೆ ಅಲ್ಪವಲ್ಲ. ಮೂರು ನಾಲ್ಕು ವರ್ಷಗಳಿಗೊಮ್ಮೆ ಹೂಳು ಹೊಡೆಯುತ್ತ ಹೋದರೆ ಅದು ಕೂಡುತ್ತಲೇ ಹೋಗುತ್ತದೆ. ಹಾಕಿದ್ದನ್ನು ಮರಳಿ ತೆಗೆಯುವ ಸುಲಭ ವಿಧಾನವಿಲ್ಲ.

ಹೂಳು ಹೊಡೆಯುವ ಮುನ್ನ ಅನುಸರಿಸಬೇಕಾದ ಕ್ರಮಗಳು

1. ಹಳ್ಳದ ಮೇಲ್ಭಾಗವನ್ನು ನಡೆದು ನೋಡಿ. ಗ್ರಾಮ ನಕ್ಷೆಯಲ್ಲಿ ಕೆರೆಗೆ ಸೇರುವ ಎಲ್ಲ ಹಳ್ಳಗಳನ್ನು ಗುರುತಿಸಿ. ಪ್ರತಿ ಹಳ್ಳದ ಮೇಲ್ಭಾಗದಲ್ಲಿ ಏನಿದೆ, ಹಿಂದೆ ಏನಿತ್ತು ಎಂಬುದನ್ನು ಊರಿನ ಹಿರಿಯರಿಂದ ಕೇಳಿ ತಿಳಿಯಿರಿ. ಮುಚ್ಚಿಹೋದ ಘಟಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2. ಸಂಶಯಾಸ್ಪದ ಮೂಲವೇನೂ ಇಲ್ಲದಿದ್ದರೆ ಎಂದಿನಂತೆ ಸಾಮಾನ್ಯ ಮಣ್ಣು ಪರೀಕ್ಷೆ ಮಾಡಿಸಿ ಹೂಳನ್ನು ಬಳಸಬಹುದು.

3. ಸಂಶಯವಿದ್ದರೆ ಮೂರು ಸ್ಥಳಗಳಿಂದ ಪ್ರತ್ಯೇಕ ಮಾದರಿ ತೆಗೆಯಿರಿ: ಹಳ್ಳ ಸೇರುವ ಬಾಯಿ, ಕೆರೆಯ ನಡು, ಏರಿಯ ಬುಡ. ಮೂರನ್ನೂ ಬೆರೆಸಬೇಡಿ, ಬೆರೆಸಿದರೆ ಮರಳಿನ ಭಾಗವು ಏರಿಯ ಬುಡದ ಮಾಲಿನ್ಯವನ್ನು ಮರೆಮಾಚುತ್ತದೆ.

4. ಪ್ರತಿ ಸ್ಥಳದಲ್ಲಿಯೂ ಮೇಲಿನ ಪದರ ಮತ್ತು ತೆಗೆಯಬೇಕೆಂದಿರುವ ಆಳದ ಪದರಗಳನ್ನು ಬೇರೆಬೇರೆಯಾಗಿ ಸಂಗ್ರಹಿಸಿ. ಕೆರೆಯ ಹೂಳು ವರ್ಷದ ಮೇಲೆ ವರ್ಷ ಪದರವಾಗಿ ಕೂಡಿದ್ದು. ಮೇಲಿನ ಪದರ ಶುದ್ಧವಾಗಿದ್ದು ಹಳೆಯ ಪದರ ಕಲುಷಿತವಾಗಿರಬಹುದು.

5. ಹೋಲಿಕೆಗಾಗಿ ಮಾಲಿನ್ಯದ ಮೂಲಕ್ಕಿಂತ ಮೇಲ್ಭಾಗದ ಹಳ್ಳದಿಂದ ಒಂದು ಮಾದರಿಯನ್ನು ತೆಗೆಯಿರಿ.

6. ಮಾದರಿ ತೆಗೆಯಲು ಪ್ಲಾಸ್ಟಿಕ್ ಅಥವಾ ಮರದ ಸಲಕರಣೆ ಬಳಸಿ. ಸತು ಲೇಪಿತ ಬಕೆಟ್, ಬಾಂಡಲಿ ಉಪಯೋಗಿಸಿದರೆ ಫಲಿತಾಂಶ ತಪ್ಪಾಗುತ್ತದೆ. ಅರ್ಧ ಕಿಲೋ ಮಾದರಿಯನ್ನು ನೆರಳಿನಲ್ಲಿ ಒಣಗಿಸಿ, ಸ್ಥಳ, ಆಳ, ದಿನಾಂಕಗಳನ್ನು ಬರೆದ ಚೀಟಿಯೊಂದಿಗೆ ಚೀಲದಲ್ಲಿಡಿ.

7. ಪ್ರಯೋಗಾಲಯಕ್ಕೆ ಕೊಡುವಾಗ "ಭಾರಲೋಹಗಳ ಪರೀಕ್ಷೆ ಬೇಕು" ಎಂದು ಸ್ಪಷ್ಟವಾಗಿ ಬರೆದುಕೊಡಿ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಸೇರಿವೆ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ಆರ್ಸೆನಿಕ್ ಸೇರಿಲ್ಲ. ಚೀಟಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಭಾರಲೋಹಗಳಿಲ್ಲವೆಂದು ಭಾವಿಸಬಾರದು.

8. ಫಲಿತಾಂಶ ಬರುವವರೆಗೆ ಹೂಳನ್ನು ಹೊಲದಲ್ಲಿ ರಾಶಿ ಹಾಕದಿರಿ. ಮಳೆ ಬಂದರೆ ರಾಶಿಯಿಂದಲೇ ಹರಡುತ್ತದೆ.

ಗದ್ದೆಗೆ ಹೂಳು ಬಾರದಂತೆ ತಡೆಯುವುದು

ಅತ್ಯುತ್ತಮ ತಡೆ ಎಂದರೆ ಮೂಲದಲ್ಲಿಯೇ ಮಣ್ಣು ಕದಲದಂತೆ ಮಾಡುವುದು. ತ್ಯಾಜ್ಯದ ದಿಬ್ಬದ ಮೇಲೆ ಶುದ್ಧ ಮಣ್ಣಿನ ಹೊದಿಕೆ, ಹುಲ್ಲು ಮತ್ತು ಮರಗಿಡಗಳ ಬೆಳವಣಿಗೆ, ಮೇಲಿನಿಂದ ಬರುವ ಮಳೆನೀರನ್ನು ದಿಬ್ಬಕ್ಕೆ ತಾಗದಂತೆ ತಿರುಗಿಸುವ ಕಾಲುವೆ, ಬುಡದಲ್ಲಿ ತಡೆಗೋಡೆ ಇವು ಆ ಜಾಗದ ಹೊಣೆಗಾರರು ಕೈಗೊಳ್ಳಬೇಕಾದ ಕಾಮಗಾರಿಗಳು. ಸಮಪಾತಳಿ ಸಾಲುಗಳಲ್ಲಿ ಲಾವಂಚವನ್ನು ನೆಡುವುದು ಪರಿಣಾಮಕಾರಿ; ಅದರ ಬೇರುಗಳು ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತವೆ, ಭಾರಲೋಹಗಳನ್ನೂ ಸಹಿಸಿಕೊಳ್ಳುತ್ತವೆ. ಇಂಥ ಹುಲ್ಲನ್ನು ದನಕರುಗಳಿಗೆ ಮೇಯಿಸಬಾರದು.

ರೈತರು ತಮ್ಮ ಮಟ್ಟದಲ್ಲಿ ಮುಂಗಾರಿನ ಮೊದಲ ಹೊಸ ನೀರನ್ನು ಮತ್ತು ಹಳ್ಳ ಏರುತ್ತಿರುವಾಗಿನ ಕದಡಿದ ನೀರನ್ನು ಗದ್ದೆಗೆ ಬಿಡದಿರಬೇಕು. ಹಳ್ಳದ ದಡದಲ್ಲಿ ಕೆಲವು ಮೀಟರ್ ಅಗಲದ ಹುಲ್ಲಿನ ಪಟ್ಟಿಯನ್ನು ಉಳುಮೆ ಮಾಡದೆ ಉಳಿಸಿಕೊಂಡರೆ ಉಕ್ಕಿ ಬಂದ ನೀರಿನ ಹೂಳು ಅಲ್ಲಿಯೇ ಬೀಳುತ್ತದೆ. ಕಾಲುವೆಯ ಬಾಯಲ್ಲಿ ಹೂಳುಗುಂಡಿ ತೋಡುವುದು ಉಪಯುಕ್ತವಾದರೂ ಅದರ ಮಿತಿಯನ್ನು ತಿಳಿದಿರಬೇಕು. ಜೇಡಿ ಕಣವು ಒಂದು ಮೀಟರ್ ಇಳಿಯಲು ಮೂರು ದಿನಗಳಿಗೂ ಹೆಚ್ಚು ಕಾಲ ಬೇಕಾಗುವುದರಿಂದ, ಹರಿಯುವ ನೀರಿನ ಸಣ್ಣ ಗುಂಡಿಯು ಮರಳು ಮತ್ತು ಸ್ವಲ್ಪ ರೇವೆಯನ್ನು ಮಾತ್ರ ಹಿಡಿಯುತ್ತದೆ. ಗುಂಡಿಯಿಂದ ತೆಗೆದ ಹೂಳನ್ನು ಬದುವಿನ ಮೇಲೆ ಹಾಕಬೇಡಿ.

ಗದ್ದೆಯು ಈಗಾಗಲೇ ಕಲುಷಿತವಾಗಿದ್ದರೆ

ಮೊದಲು ಎಷ್ಟು ಭಾಗ ಕಲುಷಿತವೆಂದು ಗುರುತಿಸಿ. ನೀರಿನ ಬಾಯಿ, ಮಡಿಯ ನಡು ಮತ್ತು ನೀರು ಹೊರಹೋಗುವ ಕಡೆಗಳಿಂದ 0–15 ಹಾಗೂ 15–30 ಸೆಂ.ಮೀ. ಆಳದ ಮಾದರಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಹಲವು ವೇಳೆ ತೊಂದರೆಯು ನೀರಿನ ಬಾಯಿಯ ಬಳಿಯ ಕೆಲವು ಗುಂಟೆಗಳಿಗೆ ಸೀಮಿತವಾಗಿರುತ್ತದೆ. ಅಷ್ಟನ್ನು ಬಿಟ್ಟು ಉಳಿದ ಭಾಗದಲ್ಲಿ ಕೃಷಿ ಮುಂದುವರಿಸಲು ಸಾಧ್ಯ. ಫಲಿತಾಂಶ ತಿಳಿಯುವ ಮುನ್ನ ಆಳವಾಗಿ ಉಳುಮೆ ಮಾಡಿ ಮಣ್ಣನ್ನು ಬೆರೆಸಬೇಡಿ.

ಆಮ್ಲೀಯ ಮಣ್ಣಿನಲ್ಲಿ ಕ್ಯಾಡ್ಮಿಯಂ ಇದ್ದರೆ ಮಣ್ಣು ಪರೀಕ್ಷೆಯ ಆಧಾರದ ಮೇಲೆ ಸುಣ್ಣ ಹಾಕಿ ರಸಸಾರವನ್ನು 6.5ರ ಆಸುಪಾಸಿಗೆ ತರುವುದರಿಂದ ಬೆಳೆಯು ಅದನ್ನು ಹೀರುವುದು ತಗ್ಗುತ್ತದೆ. ಉತ್ತಮ ಕೊಟ್ಟಿಗೆ ಗೊಬ್ಬರವೂ ನೆರವಾಗುತ್ತದೆ. ಸತುವಿನ ಕೊರತೆ ಇರುವ ಮಣ್ಣಿನಲ್ಲಿ ಬೇರುಗಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುವುದರಿಂದ ಶಿಫಾರಸಿನಂತೆ ಸತುವಿನ ಸಲ್ಫೇಟ್ ಕೊಡಬೇಕು. ಭತ್ತದಲ್ಲಿ ತೆನೆ ಹೊರಡುವ ಮೂರು ವಾರ ಮೊದಲು ಮತ್ತು ಮೂರು ವಾರ ನಂತರ ನೀರು ನಿಲ್ಲಿಸುವ ಪದ್ಧತಿಯನ್ನು ಜಪಾನಿನಲ್ಲಿ ಅನುಸರಿಸಲಾಗುತ್ತದೆ. ಆದರೆ ಆರ್ಸೆನಿಕ್ ಇರುವ ಗದ್ದೆಯಲ್ಲಿ ಇದೇ ಕ್ರಮ ಹಾನಿಯನ್ನು ಹೆಚ್ಚಿಸಬಲ್ಲದು. ಅಲ್ಲಿ ಸುಣ್ಣದ ಬಳಕೆಯೂ ಎಚ್ಚರಿಕೆಯಿಂದಾಗಬೇಕು. ತಜ್ಞರ ಸಲಹೆಯಿಲ್ಲದೆ ಇವನ್ನು ಕೈಗೊಳ್ಳಬೇಡಿ.

ಸೊಪ್ಪುಗಳು ಮತ್ತು ಗೆಡ್ಡೆ ತರಕಾರಿಗಳು ಲೋಹಗಳನ್ನು ಅಧಿಕವಾಗಿ ಸಂಗ್ರಹಿಸುತ್ತವೆ. ಅವುಗಳಿಗೆ ಮಣ್ಣು ಅಂಟಿಕೊಂಡೂ ಬರುತ್ತದೆ. ಸಂಶಯವಿರುವ ಭೂಮಿಯಲ್ಲಿ ಇವನ್ನು ಬೆಳೆಯಬಾರದು. ಹೂವಿನ ಬೆಳೆ, ಮರಮಟ್ಟು ಮೊದಲಾದ ಆಹಾರೇತರ ಬೆಳೆಗಳಿಗೆ ಆದ್ಯತೆ ಕೊಡಬಹುದು. ಮೇವಿನ ವಿಷಯದಲ್ಲಿಯೂ ಜಾಗ್ರತೆ ಬೇಕು, ಏಕೆಂದರೆ ಮೇವಿನೊಂದಿಗೆ ಜಾನುವಾರುಗಳು ಮಣ್ಣನ್ನೂ ತಿನ್ನುತ್ತವೆ.

ವಿಸ್ತರಣಾ ಕಾರ್ಯಕರ್ತರಲ್ಲಿ ವಿನಂತಿ

ಪರೀಕ್ಷಾ ವರದಿ ಕೈಸೇರುವ ಮುನ್ನ ಯಾವುದೇ ಊರಿನ ಮಣ್ಣು ವಿಷಯುಕ್ತವೆಂದು ಹೇಳಬೇಡಿ. ಒಮ್ಮೆ ಆ ಸುದ್ದಿ ಹಬ್ಬಿದರೆ ಇಡೀ ಊರಿನ ತರಕಾರಿ, ಹಾಲು ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತವೆ. ಹಾಗೆಯೇ ವರದಿಯಲ್ಲಿ ಮಾಲಿನ್ಯ ಖಚಿತವಾದ ಮೇಲೆ ಬೆಲೆ ಕುಸಿಯುವ ಭಯದಿಂದ ಅದನ್ನು ಮುಚ್ಚಿಡುವುದೂ ಸಲ್ಲದು. ಮೊದಲು ಉಣ್ಣುವವರು ಆ ರೈತನ ಮನೆಯವರೇ. ಹೂಳೆತ್ತುವ ಕಾಮಗಾರಿಯ ಯೋಜನೆ ಸಿದ್ಧವಾಗುವ ಹಂತದಲ್ಲಿಯೇ ಕೆರೆಯ ಮೇಲ್ಭಾಗದ ಪರಿಶೀಲನೆ ಹಾಗೂ ಹೂಳಿನ ಪರೀಕ್ಷೆಯನ್ನು ಸೇರಿಸುವಂತೆ ಗ್ರಾಮ ಪಂಚಾಯಿತಿಗೆ ತಿಳಿಸಿ. ಮಾಲಿನ್ಯದ ಮೂಲ ಕಂಡುಬಂದಲ್ಲಿ ಸ್ಥಳ, ದಿನಾಂಕ, ಛಾಯಾಚಿತ್ರಗಳೊಡನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ವರದಿ ಮಾಡಿ. ಮಳೆಗಾಲದ ಮೊದಲ ಎರಡು ಮೂರು ದೊಡ್ಡ ಹರಿವುಗಳಲ್ಲಿ ಹಳ್ಳದ ಕದಡಿದ ನೀರಿನ ಮಾದರಿಯನ್ನು ಸಂಗ್ರಹಿಸಿ. ವಿಷ ಸಾಗುವುದು ಆಗಲೇ.

ರೈತ ಬಾಂಧವರೇ, ಕೆರೆಗೋಡು ನಮ್ಮ ಒಣಭೂಮಿಯ ಸಂಪತ್ತು. ಅದರ ಮೇಲಿನ ನಂಬಿಕೆಯನ್ನು ಉಳಿಸಿಕೊಳ್ಳಬೇಕಾದರೆ ಅದು ಬಂದ ದಾರಿಯನ್ನು ಅರಿತಿರಬೇಕು. ಈ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಕೆರೆಗೆ ಇಳಿಯುವ ಮುನ್ನ ಒಂದು ಬೆಳಗ್ಗೆ ಹಳ್ಳದ ಗುಂಟ ಮೇಲಕ್ಕೆ ನಡೆದು ಬನ್ನಿ. ಸಂಶಯ ಕಂಡರೆ ಮಾದರಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ. ಅಲ್ಲಿಯ ಫಲಿತಾಂಶ ಬಂದ ನಂತರವೇ ಹೂಳು ಹೊಡೆಯುವ ತೀರ್ಮಾನ ಕೈಗೊಳ್ಳಿ.